ಕೂಡುವ ಲೆಕ್ಕದ ಜೊತೆ ಕಳೆಯುವ ಲೆಕ್ಕವೂ ಬೇಕು

ಗಡ್ಡೆಯನ್ನು ಬುಡಸಮೇತ ತೆಗೆದಾಯಿತಲ್ಲ, ಮತ್ತೇಕೆ ಈ ಕಿಮೋ? ಸ್ತನ ಕ್ಯಾನ್ಸರಿನ ಆಪರೇಷನ್ ಮುಗಿದ ಪ್ರತಿ ಮನೆಯಲ್ಲೂ ಈ ಪ್ರಶ್ನೆ ಏಳುತ್ತದೆ. ಆಪರೇಷನ್ನಿಗೆ ಮುಂಚೆಯೇ ಕೆಲವು ಜೀವಕೋಶಗಳು ಗಡ್ಡೆಯಿಂದ ತಪ್ಪಿಸಿಕೊಂಡು ಮೂಳೆಗೋ ಶ್ವಾಸಕೋಶಕ್ಕೋ ಯಕೃತ್ತಿಗೋ ಹೋಗಿ ಅಡಗಿ ಕುಳಿತಿರಬಹುದು. ಯಾವ ಸ್ಕ್ಯಾನಿಗೂ ಅವು ಕಾಣುವುದಿಲ್ಲ. ಅವುಗಳನ್ನು ಔಷಧದಿಂದ ಮಟ್ಟಹಾಕಬಹುದು ಎಂಬ ಊಹೆಗೆ ಗಟ್ಟಿ ಸಾಕ್ಷ್ಯ ಸಿಕ್ಕಿದ್ದು 1976ರಲ್ಲಿ, ಇಟಲಿಯ ಮಿಲಾನ್ ನಗರದಲ್ಲಿ. ಅಲ್ಲಿನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಜಾನಿ ಬೊನಡೋನಾ ಮತ್ತು ಸಂಗಡಿಗರು, ಕಂಕುಳಿನ ಗ್ರಂಥಿಗಳಿಗೆ ರೋಗ ಹರಡಿದ್ದ 386 ಮಹಿಳೆಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. 207 ಮಂದಿಗೆ ಆಪರೇಷನ್ನಿನ ನಂತರ ಸೈಕ್ಲೋಫಾಸ್ಫಮೈಡ್, ಮೆಥೋಟ್ರೆಕ್ಸೇಟ್, ಫ್ಲೋರೋಯುರಾಸಿಲ್ ಎಂಬ ಮೂರು ಔಷಧಗಳ ಜೋಡಣೆ ಸಿಕ್ಕಿತು. ಉಳಿದ 179 ಮಂದಿಗೆ ಆಪರೇಷನ್ ಮಾತ್ರ. ಸುಮಾರು 27 ತಿಂಗಳು ಕಳೆಯುವಷ್ಟರಲ್ಲಿ ಔಷಧವಿಲ್ಲದವರಲ್ಲಿ ಶೇ 24 ಮಂದಿಗೆ ರೋಗ ಮರುಕಳಿಸಿತ್ತು, ಔಷಧ ಪಡೆದವರಲ್ಲಿ ಶೇ 5.3 ಮಂದಿಗೆ. ಇದನ್ನು ಎಲ್ಲರೂ ನೆನೆಯುತ್ತಾರೆ. ಅದೇ ತಂಡ ಮುಂದೆ ಮಾಡಿದ ಕೆಲಸವನ್ನು ನೆನೆಯುವವರು ಕಡಿಮೆ. ಹನ್ನೆರಡು ಸುತ್ತು ಕೊಡುತ್ತಿದ್ದ ಅದೇ ಔಷಧಗಳನ್ನು ಆರು ಸುತ್ತಿಗೆ ಇಳಿಸಿದರೆ ಏನಾಗುತ್ತದೆ ಎಂದು ಅವರು ಪರೀಕ್ಷಿಸಿದರು. ಆರು ಸುತ್ತೇ ಸಾಕಾಯಿತು. ಕೂಡಿಸಿ ಗೆದ್ದವರೇ ಕಳೆದೂ ನೋಡಿದ್ದರು. ಈ ಎರಡನೆಯ ಅಭ್ಯಾಸಕ್ಕೆ ಇಂದು ಹೇಳುವವರು ಕೇಳುವವರು ಇಲ್ಲ ಎಂಬುದೇ ನನ್ನ ಆತಂಕ.

ಒಂದು ಔಷಧಕ್ಕೆ ಬಗ್ಗದ ಜೀವಕೋಶ ಇನ್ನೊಂದಕ್ಕೆ ಬಗ್ಗೀತು, ಆದ್ದರಿಂದ ಎರಡನ್ನೂ ಕೊಡೋಣ ಎಂಬ ತರ್ಕ ಕೇಳಲು ಚೆನ್ನಾಗಿದೆ. ಆದರೆ ದೇಹ ನಮ್ಮ ತರ್ಕದಂತೆ ನಡೆಯಬೇಕಿಲ್ಲ. ಹಾರ್ಮೋನ್ ಅವಲಂಬಿತ ಕ್ಯಾನ್ಸರಿಗೆ ಟಾಮೋಕ್ಸಿಫೆನ್ ಒಳ್ಳೆಯದು, ಅನಾಸ್ಟ್ರೋಜೋಲ್ ಕೂಡ ಒಳ್ಳೆಯದು, ಎರಡನ್ನೂ ಬೆರೆಸಿದರೆ? ಮುಟ್ಟು ನಿಂತ 9,366 ಮಹಿಳೆಯರು ಪಾಲ್ಗೊಂಡ ಅಟಾಕ್ ಪ್ರಯೋಗದಲ್ಲಿ ಬೆರಕೆಯ ಗುಂಪು ಬರೀ ಟಾಮೋಕ್ಸಿಫೆನ್ ಪಡೆದವರಿಗಿಂತ ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ. ಆ ಗುಂಪನ್ನೇ ಕೈಬಿಡಬೇಕಾಯಿತು. ಇತ್ತೀಚಿನ ಉದಾಹರಣೆ ಇನ್ನೂ ವಿಚಿತ್ರ. ಪಾಲ್ಬೊಸಿಕ್ಲಿಬ್ ಮತ್ತು ಅಬೆಮಾಸಿಕ್ಲಿಬ್ ಒಂದೇ ಕುಟುಂಬದ ಮಾತ್ರೆಗಳು. ಹಾರ್ಮೋನ್ ಚಿಕಿತ್ಸೆಯ ಜೊತೆ ಸೇರಿಸಿದಾಗ ಮೊದಲನೆಯದು ಆರಂಭಿಕ ಹಂತದ ರೋಗಿಗಳಿಗೆ ಏನೂ ಉಪಯೋಗ ಕೊಡಲಿಲ್ಲ. ಎರಡನೆಯದು ರೋಗ ಮರುಕಳಿಸುವ ಅಪಾಯ ಹೆಚ್ಚಿದ್ದವರಲ್ಲಿ ಆ ಅಪಾಯವನ್ನು ಇಳಿಸಿತು. ಪುಸ್ತಕ ಓದಿ ಇದನ್ನು ಮೊದಲೇ ಹೇಳಬಲ್ಲವರು ಯಾರಿದ್ದರು? ಗೆದ್ದ ಜೋಡಣೆಗಳಲ್ಲೂ ಗೆಲುವಿನ ಗಾತ್ರ ಕೇಳಬೇಕು. ಟ್ರಾಸ್ಟುಜುಮ್ಯಾಬ್ ಮತ್ತು ಕಿಮೋಗೆ ಪರ್ಟುಜುಮ್ಯಾಬ್ ಸೇರಿಸಿದ ಅಫಿನಿಟಿ ಪ್ರಯೋಗದಲ್ಲಿ 4,805 ಮಹಿಳೆಯರಿದ್ದರು. ಮೂರು ವರ್ಷದ ಬಳಿಕ ಆಕ್ರಮಣಕಾರಿ ರೋಗವಿಲ್ಲದೆ ಇದ್ದವರು ಶೇ 94.1, ಹೊಸ ಔಷಧ ಪಡೆಯದವರಲ್ಲಿ ಶೇ 93.2. ಕಂಕುಳಿಗೆ ಹರಡಿದ್ದವರಲ್ಲಿ ಲಾಭ ತುಸು ಹೆಚ್ಚಿತ್ತು, ನಿಜ. ತೀವ್ರ ಭೇದಿ ಮಾತ್ರ ಶೇ 3.7ರಿಂದ ಶೇ 9.8ಕ್ಕೆ ಏರಿತು.

ಟ್ರಾಸ್ಟುಜುಮ್ಯಾಬ್‌ನ ಕಥೆಯಲ್ಲೇ ನನ್ನ ವಾದದ ತಿರುಳಿದೆ. ಹರ್-2 ಎಂಬ ಪ್ರೋಟೀನ್ ಅತಿಯಾಗಿರುವ ಕ್ಯಾನ್ಸರಿನಲ್ಲಿ ಇದನ್ನು ಕಿಮೋ ಜೊತೆ ಕೊಟ್ಟರೆ ಮರುಕಳಿಕೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂದು 2005ರಲ್ಲಿ ತಿಳಿಯಿತು. ವೈದ್ಯಲೋಕದಲ್ಲಿ ಇಂಥ ಫಲ ಅಪರೂಪ. ಮೂರು ವಾರಕ್ಕೊಮ್ಮೆ ಡ್ರಿಪ್, ವರ್ಷಕ್ಕೆ ಹದಿನೆಂಟು ಡೋಸ್. ಪ್ರತಿ ಬಾರಿಯೂ ಡೇ ಕೇರ್ ವಾರ್ಡಿನಲ್ಲಿ ಸೂಜಿಗೆ ರಕ್ತನಾಳ ಹುಡುಕಬೇಕು. ಈ ಔಷಧ ಹೃದಯದ ಸ್ನಾಯುವನ್ನು ದುರ್ಬಲ ಮಾಡಬಲ್ಲದಾದ್ದರಿಂದ ಮೂರ್ನಾಲ್ಕು ತಿಂಗಳಿಗೊಮ್ಮೆ ಎಕೋ ಮಾಡಿಸಬೇಕು. ಹಾಗಾದರೆ ವರ್ಷವೇ ಏಕೆ? ಮೊದಲ ಪ್ರಯೋಗಗಳನ್ನು ರೂಪಿಸಿದವರು ಒಂದು ವರ್ಷ ಎಂದು ಇಟ್ಟುಕೊಂಡರು, ಅಷ್ಟೇ. ಅದರ ಹಿಂದೆ ಜೀವಶಾಸ್ತ್ರದ ಕಾರಣ ಇರಲಿಲ್ಲ. ಎರಡು ವರ್ಷ ಕೊಟ್ಟು ನೋಡಿದ ಹೆರಾ ಪ್ರಯೋಗದಲ್ಲಿ ಹೆಚ್ಚುವರಿ ವರ್ಷದಿಂದ ಏನೂ ದಕ್ಕಲಿಲ್ಲ. ಆರು ತಿಂಗಳಿಗೆ ಇಳಿಸಿ ನೋಡಿದ್ದು ಬ್ರಿಟನ್ನಿನ ಪರ್ಸೆಫನಿ ಪ್ರಯೋಗ. ನಾಲ್ಕು ಸಾವಿರಕ್ಕೂ ಹೆಚ್ಚು ಮಹಿಳೆಯರು ಪಾಲ್ಗೊಂಡ ಇದರ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ನಾಲ್ಕು ವರ್ಷದ ಬಳಿಕ ರೋಗವಿಲ್ಲದೆ ಬದುಕಿದ್ದವರು ಆರು ತಿಂಗಳ ಗುಂಪಿನಲ್ಲಿ ಶೇ 89.4, ವರ್ಷದ ಗುಂಪಿನಲ್ಲಿ ಶೇ 89.8. ಹೃದಯದ ತೊಂದರೆಯಿಂದ ಚಿಕಿತ್ಸೆಯನ್ನು ಅರ್ಧಕ್ಕೇ ನಿಲ್ಲಿಸಬೇಕಾದವರು ವರ್ಷದ ಗುಂಪಿನಲ್ಲಿ ಶೇ 8, ಆರು ತಿಂಗಳ ಗುಂಪಿನಲ್ಲಿ ಶೇ 3.

ಇಲ್ಲಿ ಬರುವ ಆಕ್ಷೇಪಣೆ ಗಟ್ಟಿಯಾದದ್ದೇ. ಫ್ರಾನ್ಸಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡ ಫೇರ್ ಪ್ರಯೋಗ ಇದೇ ಪ್ರಶ್ನೆ ಕೇಳಿ, ಆರು ತಿಂಗಳು ವರ್ಷಕ್ಕೆ ಸಮ ಎಂದು ಸಾಬೀತುಮಾಡಲು ಆಗಲಿಲ್ಲ ಎಂದಿತು. ಒಂಬತ್ತು ವಾರಕ್ಕೆ ಇಳಿಸಿದ ಸೋಲ್ಡ್ ಪ್ರಯೋಗಕ್ಕೂ ಅದು ಸಾಧ್ಯವಾಗಲಿಲ್ಲ. ಅಷ್ಟೇ ಅಲ್ಲ, ‘ಸಮ’ ಎಂಬ ಮಾತಿನ ಹಿಂದೆ ಸಂಶೋಧಕರು ಮೊದಲೇ ಎಳೆದುಕೊಂಡ ಒಂದು ಗೆರೆ ಇರುತ್ತದೆ: ಇಷ್ಟರೊಳಗಿನ ನಷ್ಟವನ್ನು ಒಪ್ಪುತ್ತೇವೆ ಎಂದು. ಪರ್ಸೆಫನಿಯಲ್ಲಿ ಆ ಗೆರೆ ನೂರಕ್ಕೆ ಮೂರು. ಆ ಮೂವರು ಯಾರದೋ ತಾಯಿ, ಯಾರದೋ ತಂಗಿ. ಉಳ್ಳವರಿಗೆ ಪೂರ್ತಿ ಚಿಕಿತ್ಸೆ, ಇಲ್ಲದವರಿಗೆ ಅರ್ಧ ಎಂಬ ವ್ಯವಸ್ಥೆಗೆ ವಿಜ್ಞಾನದ ಮುದ್ರೆ ಒತ್ತಿಸಿಕೊಳ್ಳುವ ಹುನ್ನಾರ ಇದಾಗಬಾರದು ಎಂಬ ಭಯ ನನಗೂ ಇದೆ. ಆದರೆ ಈ ಭಯಕ್ಕೆ ಮದ್ದು ಪ್ರಯೋಗವನ್ನೇ ಮಾಡದಿರುವುದಲ್ಲ. ಹಣ ಮುಗಿದು ಐದನೆಯ ಡೋಸಿಗೋ ಎಂಟನೆಯ ಡೋಸಿಗೋ ಚಿಕಿತ್ಸೆ ಬಿಡುವವರು ಈಗಲೂ ಇದ್ದಾರೆ. ಅವರ ಪಾಲಿಗೆ ಅವಧಿಯನ್ನು ಗೊತ್ತುಮಾಡುತ್ತಿರುವುದು ಕೈಯಲ್ಲಿರುವ ಕಾಸು. ಎಷ್ಟಕ್ಕೆ ಇಳಿಸಿದರೆ ಎಷ್ಟು ಕಳೆದುಕೊಳ್ಳುತ್ತೇವೆ ಎಂಬುದು ಅಂಕಿಯಲ್ಲಿ ಗೊತ್ತಾದರೆ ವೈದ್ಯರು ರೋಗಿಯ ಮುಂದೆ ಅದನ್ನು ಬಿಚ್ಚಿ ಹೇಳಬಹುದು. ಒಂಬತ್ತು ವಾರ ಸಾಕೆನ್ನಲಾಗದು ಎಂದು ತಿಳಿದದ್ದೂ ಪ್ರಯೋಗದಿಂದಲೇ ತಾನೆ.

ಔಷಧವನ್ನು ಕಡಿಮೆ ಮಾಡುವ ಪ್ರಯೋಗಕ್ಕೆ ಔಷಧ ಕಂಪನಿ ಹಣ ಹಾಕುವುದಿಲ್ಲ. ಹಾಕಲಿ ಎಂದು ಬಯಸುವುದೂ ವ್ಯರ್ಥ. ತನ್ನ ಮಾರಾಟ ಅರ್ಧವಾಗಲಿ ಎಂದು ಯಾರು ಖರ್ಚು ಮಾಡುತ್ತಾರೆ? ಪರ್ಸೆಫನಿಗೂ ಫೇರ್‌ಗೂ ಸಾರ್ವಜನಿಕ ಹಣವೇ ಆಧಾರವಾಗಿತ್ತು. ನಮ್ಮಲ್ಲಿ ಇದು ಆಗದ ಕೆಲಸವಲ್ಲ. ಮುಂಬೈನ ಟಾಟಾ ಸ್ಮಾರಕ ಕೇಂದ್ರದ ರಾಜೇಂದ್ರ ಬಡ್ವೆ ಮತ್ತು ತಂಡ, ಆಪರೇಷನ್ನಿಗೆ ಸ್ವಲ್ಪ ಮೊದಲು ಗಡ್ಡೆಯ ಸುತ್ತ ಲಿಡೊಕೇನ್ ಚುಚ್ಚಿದರೆ ಫಲವೇನು ಎಂದು ಸುಮಾರು 1,600 ಮಹಿಳೆಯರಲ್ಲಿ ಪರೀಕ್ಷಿಸಿ 2023ರಲ್ಲಿ ವರದಿ ಮಾಡಿತು. ಹಲ್ಲು ಕೀಳುವಾಗ ಜೋಮು ಹಿಡಿಸಲು ಕೊಡುವ ಅಗ್ಗದ ಔಷಧ ಅದು. ಐದು ವರ್ಷದ ಬಳಿಕ ಬದುಕಿದ್ದವರು ಶೇ 90.1, ಚುಚ್ಚದವರಲ್ಲಿ ಶೇ 86.4. ಕರ್ನಾಟಕಕ್ಕಂತೂ ಈ ವಿಷಯದಲ್ಲಿ ನೇರ ನಂಟಿದೆ. ಬೆಂಗಳೂರಿನ ಬಯೋಕಾನ್ 2014ರಲ್ಲಿ ಟ್ರಾಸ್ಟುಜುಮ್ಯಾಬ್‌ನ ಸಮರೂಪಿ ಔಷಧವನ್ನು ದೇಶದ ಮಾರುಕಟ್ಟೆಗೆ ತಂದಿತು. ಅಮೆರಿಕವೂ 2017ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಔಷಧ ಇಲ್ಲೇ ತಯಾರಾಗುತ್ತದೆ. ಕಿದ್ವಾಯಿಯಂಥ ಸರ್ಕಾರಿ ಸಂಸ್ಥೆಗೆ ರೋಗಿಗಳು ರಾಜ್ಯದ ಮೂಲೆಮೂಲೆಯಿಂದ ಬರುತ್ತಾರೆ. ಆರೋಗ್ಯ ಯೋಜನೆಗಳ ಮೂಲಕ ಕ್ಯಾನ್ಸರ್ ಚಿಕಿತ್ಸೆಯ ಬಿಲ್ ಕಟ್ಟುವ ಸರ್ಕಾರಕ್ಕೆ, ಎಷ್ಟು ಡೋಸ್ ಸಾಕು ಎಂದು ತಿಳಿದುಕೊಳ್ಳುವ ಹಕ್ಕೂ ಇದೆ, ಹೊಣೆಯೂ ಇದೆ.

ನಮ್ಮ ಬಡ ಹೆಣ್ಣುಮಕ್ಕಳನ್ನು ಪ್ರಯೋಗದ ಇಲಿಗಳನ್ನಾಗಿ ಮಾಡುತ್ತೀರಾ ಎಂದು ಕೇಳುವವರಿಗೆ, 1990ರ ದಶಕದ ಅಮೆರಿಕದಲ್ಲಿ ನಡೆದದ್ದನ್ನು ನೆನಪಿಸಬೇಕು. ಕಿಮೋ ಹೆಚ್ಚಿದಷ್ಟೂ ಒಳ್ಳೆಯದು ಎಂಬ ನಂಬಿಕೆಯಲ್ಲಿ, ಅಸ್ಥಿಮಜ್ಜೆಯೇ ಸುಟ್ಟುಹೋಗುವಷ್ಟು ಔಷಧ ಕೊಟ್ಟು, ಮೊದಲೇ ತೆಗೆದಿಟ್ಟ ಮಜ್ಜೆಯನ್ನು ಮತ್ತೆ ತುಂಬುವ ಚಿಕಿತ್ಸೆಯನ್ನು ಸಾವಿರಾರು ಮಹಿಳೆಯರಿಗೆ ಪ್ರಯೋಗದ ಹೊರಗೇ ಮಾಡಲಾಯಿತು. ವಿಮಾ ಕಂಪನಿಗಳು ನ್ಯಾಯಾಲಯದ ಭಯಕ್ಕೆ ಹಣ ಕಟ್ಟಿದವು. ಸರಿಯಾದ ಹೋಲಿಕೆಯ ಫಲಿತಾಂಶಗಳು 1999ರಲ್ಲಿ ಬಂದಾಗ ಲಾಭ ಕಾಣಲಿಲ್ಲ. ಲಾಭ ತೋರಿಸಿದ ದಕ್ಷಿಣ ಆಫ್ರಿಕಾದ ಒಂದೇ ಒಂದು ಅಧ್ಯಯನದಲ್ಲಿ ಮೋಸ ನಡೆದಿದೆ ಎಂದು 2000ದಲ್ಲಿ ಬಯಲಾಯಿತು. ಆ ಮಹಿಳೆಯರ ಮೇಲೆ ನಡೆದದ್ದೂ ಪ್ರಯೋಗವೇ; ಲೆಕ್ಕ ಇಡುವವರಿಲ್ಲದ ಪ್ರಯೋಗ. ಇಂದು ನಮ್ಮಲ್ಲಿ 2019ರ ನಿಯಮಗಳಿವೆ: ನೈತಿಕ ಸಮಿತಿಯ ಒಪ್ಪಿಗೆ, ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ. ಕಾಗದದ ಮೇಲಿನ ಈ ಮಾತುಗಳನ್ನು ವಾರ್ಡಿನವರೆಗೆ ತರುವುದೇ ಕಷ್ಟದ ಕೆಲಸ.

ಅದು ಒಪ್ಪಿಗೆ ಪತ್ರದಿಂದ ಶುರುವಾಗಲಿ. ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಬಂದ ಹೆಣ್ಣುಮಗಳು ಸಹಿ ಹಾಕುವ ಕಾಗದದಲ್ಲಿ ಅವಳಿಗೆ ಅರ್ಥವಾಗುವ ಕನ್ನಡ ಇರಬೇಕು: ‘ಒಂಬತ್ತು ಡೋಸ್ ಸಾಕೋ ಹದಿನೆಂಟೇ ಬೇಕೋ ಎಂಬುದು ವೈದ್ಯರಿಗೂ ಇನ್ನೂ ಖಚಿತವಿಲ್ಲ. ಕಡಿಮೆ ಕೊಟ್ಟರೆ ಹೃದಯಕ್ಕೆ ಒಳಿತಾಗಬಹುದು, ರೋಗ ಮರಳುವ ಅಪಾಯ ಸ್ವಲ್ಪ ಹೆಚ್ಚಲೂಬಹುದು. ನಿಮಗೆ ಯಾವುದು ಸಿಗುತ್ತದೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತೇವೆ. ಬೇಡವೆಂದರೆ ಹದಿನೆಂಟೂ ಡೋಸನ್ನು ಇಲ್ಲೇ ಕೊಡುತ್ತೇವೆ.’ ಕೊನೆಯ ವಾಕ್ಯವನ್ನು ಬರೆಯಲು ಸರ್ಕಾರ ಸಿದ್ಧವಿಲ್ಲದಿದ್ದರೆ ಪ್ರಯೋಗವನ್ನು ಆರಂಭಿಸಲೇಬಾರದು.