ಸಮುದ್ರದ ಲೆಕ್ಕ ಬರೆಯುವವರು ಯಾರು?

ಗಿರಣಿಯ ಗೇಟಿನ ಮುಂದಿನ ಚಹದಂಗಡಿಯಲ್ಲಿ ಕಾರ್ಮಿಕ ಮಿತ್ರರೊಬ್ಬರು ನಮ್ಮನ್ನು ಒಂದು ಪ್ರಶ್ನೆ ಕೇಳಿದರು. ವಿಶ್ವವಿದ್ಯಾನಿಲಯಗಳಲ್ಲಿ ಮೀನಿನ ಮೊಟ್ಟೆ ಎಣಿಸುವುದಕ್ಕೂ ಸಮುದ್ರದ ನೀರಿನ ಬಿಸಿ ಅಳೆಯುವುದಕ್ಕೂ ಸರಕಾರದ ಹಣ ಖರ್ಚಾಗುತ್ತದೆಯಲ್ಲ, ಅದರಿಂದ ದುಡಿಯುವವನಿಗೆ ಬಂದದ್ದೇನು? ನಮ್ಮ ಮಕ್ಕಳ ಶಾಲೆಯ ಸೂರು ಸೋರುತ್ತಿರುವಾಗ ಈ ಸಂಶೋಧನೆ ಯಾರಿಗಾಗಿ?

ಪ್ರಶ್ನೆ ನ್ಯಾಯವಾದದ್ದು. ತೆರಿಗೆ ಕೊಟ್ಟವನು ಲೆಕ್ಕ ಕೇಳಲೇಬೇಕು. ಆದರೆ ಸಂಶೋಧನೆಗೆ ಕಿವಿಗೊಡದ ಒಂದು ಸರಕಾರ ತನ್ನ ದುಡಿಯುವ ಜನರನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದನ್ನೂ ನಮ್ಮ ಓದುಗರು ತಿಳಿದಿರಬೇಕು.

ಕೆನಡಾ ದೇಶದ ಪೂರ್ವದ ತುದಿಯಲ್ಲಿ ನ್ಯೂಫೌಂಡ್‌ಲ್ಯಾಂಡ್ ಎಂಬ ದೊಡ್ಡ ದ್ವೀಪವಿದೆ. ಅಲ್ಲಿಯ ಸಂಪತ್ತೆಂದರೆ ಕಾಡ್ ಎಂಬ ಮೀನು. ನಾವು ಮಕ್ಕಳಿಗೆ ಕುಡಿಸುತ್ತ ಬಂದ ಮೀನೆಣ್ಣೆ ಬರುವುದು ಇದರ ಯಕೃತ್ತಿನಿಂದಲೇ. ಸುಮಾರು 500 ವರ್ಷಗಳ ಕಾಲ ಯುರೋಪಿನ ಬಡವರ ಊಟಕ್ಕೆ ಈ ಮೀನು ಉಪ್ಪು ಹಾಕಿಸಿಕೊಂಡು ಹೋಯಿತು. ಹಿಡಿದವರು ಮಾತ್ರ ಬಡವರಾಗಿಯೇ ಉಳಿದರು. ದೊಡ್ಡ ವರ್ತಕನು ವಸಂತದಲ್ಲಿ ಹಿಟ್ಟು, ಬಲೆ, ಉಪ್ಪನ್ನು ಕಡ ಕೊಟ್ಟು, ಶರತ್ಕಾಲದಲ್ಲಿ ತಾನೇ ಬೆಲೆ ಕಟ್ಟಿ ಮೀನು ಎತ್ತಿಕೊಳ್ಳುತ್ತಿದ್ದನು. ಎಷ್ಟೋ ಮನೆಗಳು ನಗದು ಹಣದ ಮುಖವನ್ನೇ ಕಾಣುತ್ತಿರಲಿಲ್ಲ. ಹೀಗಿದ್ದರೂ ಸಣ್ಣ ದೋಣಿಗಳ ಆ ಕಾಲದಲ್ಲಿ ಸಮುದ್ರದಲ್ಲಿ ಮೀನು ಉಳಿದಿತ್ತು.

1954ರಲ್ಲಿ ಬ್ರಿಟನ್ನಿನ ‘ಫೇರ್‌ಟ್ರೈ’ ಎಂಬ ಹಡಗು ಆ ನೀರಿಗೆ ಬಂದಿತು. ಅದು ಮೀನು ಹಿಡಿದು, ಸೀಳಿ, ಅಲ್ಲಿಯೇ ಹಿಮಗಟ್ಟಿಸುವ ತೇಲುವ ಕಾರ್ಖಾನೆ. ಅದರ ಹಿಂದೆ ಸ್ಪೇನ್, ಪೋರ್ಚುಗಲ್, ಜರ್ಮನಿಯ ಹಡಗುಗಳು ಬಂದವು. ಸಮಾಜವಾದದ ಹೆಸರು ಹೇಳುತ್ತಿದ್ದ ಸೋವಿಯತ್ ಒಕ್ಕೂಟದ ಹಡಗುಗಳೂ ಬಂದವು. ಇದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. 1968ರ ಒಂದೇ ವರ್ಷದಲ್ಲಿ ಅಲ್ಲಿ 8 ಲಕ್ಷ ಟನ್ನಿಗೂ ಹೆಚ್ಚು ಕಾಡ್ ಮೀನನ್ನು ಬಾಚಲಾಯಿತು. ಆಮೇಲೆ ಇಳುವರಿ ಕುಸಿಯಿತು. 1977ರಲ್ಲಿ ಕೆನಡಾ 200 ನಾಟಿಕಲ್ ಮೈಲಿಯವರೆಗಿನ ಸಮುದ್ರ ತನ್ನದೆಂದು ಸಾರಿ ಪರದೇಶದ ಹಡಗುಗಳನ್ನು ಹೊರಗಟ್ಟಿತು.

ಕಳ್ಳ ಹೋದನೆಂದು ಜನ ನೆಮ್ಮದಿಪಟ್ಟರು. ಆದರೆ ಬಿಟ್ಟುಹೋದ ಜಾಗಕ್ಕೆ ಸ್ವದೇಶದ ಕಂಪೆನಿಗಳ ಟ್ರಾಲರುಗಳು ಬಂದು ನಿಂತವು. ಬಂಡವಾಳದ ಬಾವುಟ ಬದಲಾಯಿತೇ ಹೊರತು ಬಲೆಯ ಕಣ್ಣು ದೊಡ್ಡದಾಗಲಿಲ್ಲ.

ಎಷ್ಟು ಹಿಡಿಯಬಹುದೆಂದು ಪ್ರತಿ ವರ್ಷ ಗೊತ್ತುಮಾಡುತ್ತಿದ್ದುದು ರಾಜಧಾನಿ ಒಟ್ಟಾವಾದ ಸರಕಾರ. ಅದರ ಲೆಕ್ಕದ ಒಂದು ಮುಖ್ಯ ಆಧಾರ, ದೊಡ್ಡ ಟ್ರಾಲರುಗಳು ಗಂಟೆಗೆ ಎಷ್ಟು ಮೀನು ಎತ್ತುತ್ತವೆ ಎಂಬುದು. ಈ ಮೀನಿನ ಸ್ವಭಾವವೇನೆಂದರೆ ಸಂಖ್ಯೆ ಕಡಿಮೆಯಾದಾಗಲೂ ಉಳಿದವು ಒಂದೇ ಕಡೆ ಒತ್ತಾಗಿ ಸೇರುತ್ತವೆ. ಯಂತ್ರಗಳ ಸಹಾಯದಿಂದ ಹಡಗು ನೇರವಾಗಿ ಅಲ್ಲಿಗೇ ಹೋಗುತ್ತದೆ, ಬಲೆ ತುಂಬುತ್ತದೆ. ಊರಿನಲ್ಲಿ ಭತ್ತ ಎಷ್ಟಿದೆಯೆಂದು ತಿಳಿಯಲು ತುಂಬಿರುವ ಒಂದೇ ಉಗ್ರಾಣದ ಬಾಗಿಲಲ್ಲಿ ನಿಂತು ಎಣಿಸಿದರೆ ಹೇಗೋ ಹಾಗೆ. ಉಳಿದ ಉಗ್ರಾಣಗಳೆಲ್ಲ ಬರಿದಾಗಿರುವುದು ಆ ಲೆಕ್ಕದಲ್ಲಿ ಕಾಣುವುದಿಲ್ಲ.

ಅದು ಕಂಡದ್ದು ದಡದ ಸಣ್ಣ ದೋಣಿಯವರಿಗೆ. ಮೀನು ಕಡಿಮೆಯಾಗುತ್ತಿದೆ, ಬರುವುದೂ ಚಿಕ್ಕದಾಗುತ್ತಿದೆ ಎಂದು ಅವರು 1980ರ ದಶಕದಲ್ಲಿ ಕೂಗಿ ಹೇಳಿದರು. ಗಿರಣಿಯಲ್ಲಿ ಯಂತ್ರದ ಸದ್ದು ಬದಲಾದದ್ದು ಮೊದಲು ಕೇಳಿಸುವುದು ಅದರ ಪಕ್ಕದಲ್ಲಿ ನಿಂತ ಕಾರ್ಮಿಕನಿಗೆ. ಮ್ಯಾನೇಜರನಿಗೆ ತಿಳಿಯುವುದು ಅದು ನಿಂತ ಮೇಲೆ. ಅಲ್ಲಿಯೂ ಅದೇ ಆಯಿತು. ಅಧಿಕಾರಿಗಳು ಓದಿಲ್ಲದವರ ಮಾತೆಂದು ತಳ್ಳಿಹಾಕಿದರು.

ಆಗ ಆ ಮೀನುಗಾರರು ಮಾಡಿದ ಕೆಲಸ ನಮ್ಮ ಸಂಘಟನೆಗಳಿಗೆಲ್ಲ ಪಾಠವಾಗಬೇಕು. ಅವರ ಸಂಘವು ಅಲ್ಲಿಯ ಮೆಮೋರಿಯಲ್ ವಿಶ್ವವಿದ್ಯಾನಿಲಯದ ಜೀವಶಾಸ್ತ್ರಜ್ಞರ ಬಳಿಗೆ ಹೋಗಿ, ಸರಕಾರದ ಲೆಕ್ಕವನ್ನು ಪರೀಕ್ಷಿಸಿಕೊಡಿ ಎಂದು ಕೇಳಿತು. 1986ರಲ್ಲಿ ವರದಿ ಬಂದಿತು: ಸರಕಾರ ಇದ್ದದ್ದಕ್ಕಿಂತ ಹೆಚ್ಚು ಮೀನು ಇದೆಯೆಂದು ಬರೆದುಕೊಂಡಿದೆ. ದೋಣಿಯವನ ಅನುಭವವೂ ಪ್ರಾಧ್ಯಾಪಕನ ಗಣಿತವೂ ಒಂದೇ ಮಾತು ಹೇಳಿದವು. ಸರಕಾರ ಕೇಳಲಿಲ್ಲ. 1989ಕ್ಕೆ 1 ಲಕ್ಷ 25 ಸಾವಿರ ಟನ್ನಿಗೆ ಇಳಿಸಬೇಕೆಂದು ಅದರ ವಿಜ್ಞಾನಿಗಳೇ ಸಲಹೆ ಕೊಟ್ಟಾಗಲೂ 2 ಲಕ್ಷ 35 ಸಾವಿರ ಟನ್ ಹಿಡಿಯಲು ಅಪ್ಪಣೆಯಾಯಿತು. ಅಸಲನ್ನು ತಿನ್ನುತ್ತ ಬಡ್ಡಿ ತಿನ್ನುತ್ತಿದ್ದೇನೆಂದು ನಂಬಿದ ವ್ಯಾಪಾರಿಯ ಗತಿ ಏನಾಗುತ್ತದೆಂದು ಅಂಗಡಿ ನಡೆಸುವ ಓದುಗರಿಗೆ ನಾವು ಹೇಳಬೇಕಾಗಿಲ್ಲ.

1992ರ ಜುಲೈ 2ರಂದು ಸರಕಾರ ಕಾಡ್ ಮೀನುಗಾರಿಕೆಯನ್ನೇ ನಿಲ್ಲಿಸಿತು. ಮೀನುಗಾರರೂ ಮೀನು ಕಾರ್ಖಾನೆಗಳ ಹೆಣ್ಣು ಗಂಡು ಕೂಲಿಗಳೂ ಸೇರಿ ಸುಮಾರು 30 ಸಾವಿರ ಜನರ ಕೆಲಸ ಹೋಯಿತು. ಸಿಟ್ಟಿನಿಂದ ಸುತ್ತುಗಟ್ಟಿದ ಜನರಿಗೆ ಮಂತ್ರಿ ಜಾನ್ ಕ್ರಾಸ್ಬಿ, ನೀರಿನಿಂದ ಮೀನು ತೆಗೆದವನು ತಾನಲ್ಲವೆಂದು ಉತ್ತರ ಕೊಟ್ಟರು. ಮೀನು ತೆಗೆದವರು ಅವರಲ್ಲ, ನಿಜ. ಅಪ್ಪಣೆ ಕೊಟ್ಟದ್ದು ಯಾವ ಸರಕಾರ ಎಂಬುದೇ ಪ್ರಶ್ನೆ. ಎರಡು ವರ್ಷಕ್ಕೆಂದು ಹೇಳಿದ ನಿಷೇಧ 2024ರವರೆಗೆ, 32 ವರ್ಷ ನಡೆಯಿತು. 1994ರ ಒಂದು ಪರಿಹಾರ ಯೋಜನೆಗೇ ಸುಮಾರು 190 ಕೋಟಿ ಡಾಲರು ಬೇಕಾಯಿತು. 1991ರಲ್ಲಿ 5 ಲಕ್ಷ 68 ಸಾವಿರವಿದ್ದ ಆ ಪ್ರಾಂತ್ಯದ ಜನಸಂಖ್ಯೆ 2001ರಲ್ಲಿ 5 ಲಕ್ಷ 13 ಸಾವಿರಕ್ಕೆ ಇಳಿಯಿತು. ಲೆಕ್ಕಕ್ಕೆ ಕಿವಿಗೊಡದೆ ಉಳಿಸಿದ ಹಣ ಎಷ್ಟು, ಕಡೆಗೆ ತೆತ್ತದ್ದು ಎಷ್ಟು ಎಂಬುದನ್ನು ಓದುಗರೇ ತೂಗಿ ನೋಡಲಿ.

ಇನ್ನೊಂದು ವಿಷಯ. ಇಂಥ ಸಂಶೋಧನೆ ಒಂದೇ ಶಾಸ್ತ್ರದಿಂದ ಆಗುವುದಿಲ್ಲ. ನೀರು ತಣ್ಣಗಾಯಿತು, ಕಾಡ್ ಮೀನಿನ ಆಹಾರವಾದ ಕೇಪ್ಲಿನ್ ಎಂಬ ಸಣ್ಣ ಮೀನು ಕಡಿಮೆಯಾಯಿತು ಎಂದು ಪರಿಸರ ವಿಜ್ಞಾನ ತೋರಿಸಿತು. ಅದನ್ನೇ ಹಿಡಿದುಕೊಂಡು ತಪ್ಪೆಲ್ಲ ಹವೆಯದೆಂದು ಕೈ ತೊಳೆಯಲು ಹೊರಟವರುಂಟು. ಆದರೆ 1994ರಲ್ಲಿ ಜೆಫ್ರಿ ಹಚಿಂಗ್ಸ್ ಮತ್ತು ರ‍್ಯಾನ್ಸಮ್ ಮೈಯರ್ಸ್ ಎಂಬ ಕಡಲ ಜೀವಶಾಸ್ತ್ರಜ್ಞರು ಮುಖ್ಯ ಕಾರಣ ಮಿತಿಮೀರಿ ಹಿಡಿದದ್ದೇ ಎಂದು ವಾದಿಸಿದರು. ಹಿಡಿಯುವವನು ಮಿತಿ ಮೀರುವುದೇಕೆ ಎಂಬುದನ್ನು ಹೇಳಬೇಕಾದದ್ದು ಅರ್ಥಶಾಸ್ತ್ರ. ಎಲ್ಲರಿಗೂ ತೆರೆದ ಸಮುದ್ರದಲ್ಲಿ ಲಾಭ ಮುಗಿಯುವವರೆಗೂ ದೋಣಿಯ ಮೇಲೆ ದೋಣಿ ಇಳಿಯುತ್ತದೆ ಎಂದು ಕೆನಡಾದ ಸ್ಕಾಟ್ ಗಾರ್ಡನ್ 1954ರಲ್ಲಿಯೇ ಬರೆದಿದ್ದರು. ಹಾಗಾದರೆ ಸಮುದ್ರವನ್ನೂ ಖಾಸಗಿಯವರಿಗೆ ಹಂಚಿಬಿಡಿ ಎಂಬ ಮಾತು ಅಲ್ಲಿಂದ ಹುಟ್ಟಿತು.

ಇದನ್ನು ನಾವು ಒಪ್ಪುವುದಿಲ್ಲ. ಅಮೆರಿಕದ ಎಲಿನೋರ್ ಆಸ್ಟ್ರಮ್ ಅವರೂ ಒಪ್ಪಲಿಲ್ಲ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಅವರು. 1990ರ ತಮ್ಮ ಪುಸ್ತಕದಲ್ಲಿ ಅವರು ತುರ್ಕಿಯ ಅಲಾನ್ಯ ಎಂಬ ಊರಿನ ಉದಾಹರಣೆ ಕೊಟ್ಟರು. ಅಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ ಮೀನುಗಾರರೇ ಚೀಟಿ ಎತ್ತಿ ಬಲೆ ಹಾಕುವ ಜಾಗಗಳನ್ನು ಹಂಚಿಕೊಳ್ಳುತ್ತಿದ್ದರು. ಜನವರಿಯವರೆಗೆ ದಿನಕ್ಕೊಂದು ಜಾಗ ಪೂರ್ವಕ್ಕೆ, ಆಮೇಲೆ ಪಶ್ಚಿಮಕ್ಕೆ ಸರಿಯುತ್ತಿದ್ದರು. ಒಳ್ಳೆಯ ಜಾಗ ಎಲ್ಲರಿಗೂ ಸರದಿಯ ಮೇಲೆ ಸಿಗುತ್ತಿತ್ತು. ದುಡಿಯುವವರೇ ಕೂಡಿ ಮಾಡಿಕೊಂಡ ಕಟ್ಟುಪಾಡನ್ನು ದುಡಿಯುವವರೇ ಕಾಯ್ದರು. ಇದಕ್ಕಿಂತ ಸರಳವಾದ ಸಹಕಾರದ ಪಾಠ ಬೇರೆ ಬೇಕೆ?

ನಮ್ಮ ಕರಾವಳಿಗೂ ಇದು ದೂರದ ಮಾತಲ್ಲ. ಊರಿನವರೆಲ್ಲ ಸೇರಿ ದಡದಿಂದ ಎಳೆಯುತ್ತಿದ್ದ ರಂಪಣಿ ಬಲೆಯನ್ನು 1970ರ ದಶಕದಲ್ಲಿ ಬಂದ ಪರ್ಸೀನ್ ಬಲೆ ಮೂಲೆಗೆ ತಳ್ಳಿತು. ಇಂದು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಬಂಗುಡೆ, ಬೂತಾಯಿಯ ಬೆಲೆ ಏರಿದಾಗ ನಮ್ಮ ಸಂತೆಯಲ್ಲಿ ಒಣಮೀನು ಮಾರುವವಳಿಗೂ ಅದರ ಬಿಸಿ ತಟ್ಟುತ್ತದೆ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜಿದೆ, ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರದ ವಿಭಾಗವಿದೆ. ಜನರ ಹಣದಿಂದ ಬೆಳೆದ ಇಂಥ ಸಂಸ್ಥೆಗಳ ಲೆಕ್ಕ ಜನರ ಕೈಗೆ ಸೇರಬೇಕು.

ಆದ್ದರಿಂದ ನಮ್ಮ ಬೇಡಿಕೆ ಮೂರು. ಸಾರ್ವಜನಿಕ ಹಣದಿಂದ ನಡೆದ ಸಂಶೋಧನೆಯ ಸಾರಾಂಶ ಕನ್ನಡದಲ್ಲಿ ಪ್ರಕಟವಾಗಲಿ. ಹಿಡಿಯುವ ಮಿತಿ ಗೊತ್ತುಮಾಡುವ ಸಮಿತಿಯಲ್ಲಿ ಸಣ್ಣ ದೋಣಿಯವರೂ ಮೀನು ಮಾರುವ ಹೆಂಗಸರೂ ಕೂರಲಿ. ಸಂಶೋಧಕನು ಮಂತ್ರಿಗೆ ಹಿತವಾಗದ ಅಂಕಿ ಹೇಳಿದರೂ ಅವನ ಅನ್ನಕ್ಕೆ ಕುತ್ತು ಬಾರದಿರಲಿ.

ಚಹದಂಗಡಿಯ ಮಿತ್ರರಿಗೆ ನಮ್ಮ ಉತ್ತರವೂ ಇದೇ. ಶಾಲೆಯ ಸೂರಿಗಾಗಿ ಹೋರಾಡೋಣ, ನಾವೂ ಜೊತೆಗಿದ್ದೇವೆ. ಆದರೆ ಮೀನಿನ ಮೊಟ್ಟೆ ಎಣಿಸುವವನನ್ನು ಶತ್ರುವೆಂದು ತಿಳಿಯುವುದು ಬೇಡ. ಅವನ ಲೆಕ್ಕದ ಪುಸ್ತಕ ಕಂಪೆನಿಯ ಪೆಟ್ಟಿಗೆಯಲ್ಲಿಯೋ ಮಂತ್ರಿಯ ಮೇಜಿನಲ್ಲಿಯೋ ಕೊಳೆಯದಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಕೆಲಸ. ನ್ಯೂಫೌಂಡ್‌ಲ್ಯಾಂಡಿನ ಮೀನುಗಾರರು ಸರಿಯಾದ ಲೆಕ್ಕವನ್ನು ಕೈಯಲ್ಲಿ ಹಿಡಿದೇ ಕೆಲಸ ಕಳೆದುಕೊಂಡರು. ಅವರಿಗೆ ಇಲ್ಲದಿದ್ದುದು ಅದನ್ನು ಜಾರಿಗೆ ತರುವ ಬಲ. ಆ ಬಲ ಸಂಘಟನೆಯಿಂದ ಮಾತ್ರ ಬರುತ್ತದೆ.