ಹಡಗಿನ ನಾಯಕನ ಎರಡನೆಯ ಹುಟ್ಟು

ಜನ್ಮವೆಲ್ಲ ಮಾಡಿದ ಪಾಪವು ಒಂದು ಗಳಿಗೆಯ ಪಶ್ಚಾತ್ತಾಪದಿಂದ ಕಳೆದುಹೋಗುವುದೆಂದರೆ ಅದು ತೀರ ಅಗ್ಗದ ವ್ಯಾಪಾರವಲ್ಲವೆ? ಕ್ರೈಸ್ತರ ಕ್ಷಮಾತತ್ತ್ವದ ಮಾತು ಬಂದಾಗಲೆಲ್ಲ, ಕರ್ಮಫಲವನ್ನು ನಂಬಿದ ನಮ್ಮವರು ಈ ಪ್ರಶ್ನೆಯನ್ನೆತ್ತುವುದುಂಟು. ಪ್ರಶ್ನೆ ನ್ಯಾಯವಾದದ್ದೇ. ಕ್ಷಮೆಯು ದುಡಿದು ಸಂಪಾದಿಸುವ ಕೂಲಿಯಲ್ಲ, ದೇವರು ತಾನಾಗಿ ಕೊಡುವ ದಾನ. ಅದನ್ನು ಪಡೆದವನು ಹೊಸದಾಗಿ ಹುಟ್ಟಿದವನು ಎಂಬುದು ಅವರ ಉತ್ತರ. ಯೋಹಾನನ ಸುವಾರ್ತೆಯಲ್ಲಿ ನಿಕೊದೇಮನೆಂಬ ಪಂಡಿತನು, ಮುದುಕನಾದವನು ಮತ್ತೆ ಹುಟ್ಟುವುದೆಂತು ಎಂದು ಯೇಸುವನ್ನು ಕೇಳಿ ಬೆರಗಾಗುತ್ತಾನೆ. ‘ದ್ವಿಜ’ನೆಂಬ ಮಾತನ್ನು ಬಲ್ಲ ನಮಗೆ ಅಷ್ಟು ಬೆರಗು ಬೇಡ. ಆದರೆ ಹುಟ್ಟಿದ ಕೂಸು ಅಂದೇ ಎದ್ದು ನಡೆಯುವುದಿಲ್ಲವೆಂಬುದನ್ನು ಮರೆಯಲಾಗದು.

ಜಾನ್ ನ್ಯೂಟನ್ನನ ಬಾಳು ಇದಕ್ಕೆ ಸಾಕ್ಷಿ. (ಸೇಬು ಬಿದ್ದುದನ್ನು ಕಂಡ ನ್ಯೂಟನ್ ಬೇರೆ.) 1725ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈತನು ಹನ್ನೊಂದರ ವಯಸ್ಸಿಗೇ ತಂದೆಯೊಡನೆ ಕಡಲಿಗಿಳಿದವನು, ಬಾಯಿ ತೆರೆದರೆ ದೈವನಿಂದೆ. 1748ರ ಮಾರ್ಚಿಯಲ್ಲಿ ಇವನಿದ್ದ ಹಡಗು ಅಟ್ಲಾಂಟಿಕ್ ಸಾಗರದ ಬಿರುಗಾಳಿಗೆ ಸಿಕ್ಕಿ ಒಡೆದು ನೀರು ನುಗ್ಗತೊಡಗಲು, ಗಂಟೆಗಟ್ಟಲೆ ಪಂಪನ್ನೊತ್ತಿ ಸೋತ ಆ ತರುಣನ ಬಾಯಿಂದ ‘ದೇವರು ಕರುಣಿಸಲಿ’ ಎಂಬ ಮಾತು ತಾನಾಗಿ ಹೊರಟಿತು. ಹಡಗು ದಡ ಸೇರಿತು. ಆ ದಿನವನ್ನು ಅವನು ವರ್ಷವರ್ಷವೂ ಸ್ಮರಿಸುತ್ತಿದ್ದನು.

ಭಕ್ತಚರಿತ್ರೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ಮಂಗಳ ಹಾಡಿಬಿಡುತ್ತಾರೆ. ಮುಂದಿನದು ಅವರಿಗೆ ಮುಜುಗರದ ಸಂಗತಿ. 1750ರಿಂದ 1754ರವರೆಗೆ ನ್ಯೂಟನ್ನನು ಮೂರು ಯಾನಗಳಲ್ಲಿ ಗುಲಾಮರ ಹಡಗಿನ ನಾಯಕನಾಗಿದ್ದನು! ಭಾನುವಾರ ನಾವಿಕರನ್ನು ಕೂಡಿಸಿ ಪ್ರಾರ್ಥನೆ ನಡೆಸುವನು. ಕೆಳ ಅಂತಸ್ತಿನಲ್ಲಿ ಆಫ್ರಿಕದ ಜನರು ಸಂಕೋಲೆ ತೊಟ್ಟು ಬಿದ್ದಿರುವರು. ಅವರನ್ನು ಕೆರಿಬಿಯನ್ ದ್ವೀಪಗಳಲ್ಲಿ ಮಾರಿ ಬರುವನು. ಅದು ತಪ್ಪೆಂದು ಆಗ ತನಗೆ ತೋರಲೇ ಇಲ್ಲವೆಂದು ಮುಂದೆ ಅವನೇ ಬರೆದಿದ್ದಾನೆ. ಕಡಲನ್ನು ಬಿಟ್ಟುದು ಕೂಡ ಕಾಯಿಲೆಯಿಂದಲೇ ಹೊರತು ಅಂತರಾತ್ಮದ ಕೂಗಿನಿಂದಲ್ಲ. ಬಿರುಗಾಳಿಯ ದಿನ ತಾನು ಪೂರ್ಣಾರ್ಥದಲ್ಲಿ ವಿಶ್ವಾಸಿಯಾಗಿರಲಿಲ್ಲವೆಂದೂ ಅವನೇ ಒಪ್ಪಿದ್ದಾನೆ.

1764ರಲ್ಲಿ ದೀಕ್ಷೆ ಪಡೆದು ಓಲ್ನಿ ಎಂಬ ಊರಿನ ಪಾದ್ರಿಯಾದನು. ಲೋಕವೆಲ್ಲ ಹಾಡುವ ‘ಅಮೇಜಿಂಗ್ ಗ್ರೇಸ್’ ಗೀತೆಯನ್ನು ರಚಿಸಿದ್ದು ಅಲ್ಲಿಯೇ, 1779ರಲ್ಲಿ ಅಚ್ಚಾಯಿತು. ಗುಲಾಮರ ವ್ಯಾಪಾರದ ವಿರುದ್ಧ ಬಾಯಿಬಿಟ್ಟು ಅವನು ಕಿರುಹೊತ್ತಗೆ ಬರೆದದ್ದಾದರೋ 1788ರಲ್ಲಿ, ಆ ಕಸಬನ್ನು ಬಿಟ್ಟ ಮೂವತ್ತನಾಲ್ಕು ವರ್ಷಗಳ ಮೇಲೆ. ಕಂಡದ್ದನ್ನೂ ಮಾಡಿದ್ದನ್ನೂ ಹೇಳಿ, ತನ್ನ ನಿವೇದನೆ ತಡವಾಗಿ ಬಂದಿತೆಂದು ನಾಚಿದನು. ಅದಕ್ಕೆ ಮೂರು ವರ್ಷ ಮೊದಲು, ರಾಜಕೀಯವನ್ನು ಬಿಡಲೆ ಎಂದು ಕೇಳಬಂದ ವಿಲ್ಬರ್‌ಫೋರ್ಸನೆಂಬ ಯುವಕ ಸದಸ್ಯನನ್ನು ಪಾರ್ಲಿಮೆಂಟಿನಲ್ಲಿಯೇ ಉಳಿಯುವಂತೆ ಮಾಡಿದ್ದನು. ಆತನು ಇಪ್ಪತ್ತು ವರ್ಷ ಹೋರಾಡಿದ ಫಲವಾಗಿ 1807ರ ಮಾರ್ಚಿಯಲ್ಲಿ ಆ ವ್ಯಾಪಾರವನ್ನು ನಿಷೇಧಿಸುವ ಕಾನೂನಾಯಿತು. ಕಣ್ಣು ಕಾಣದಂತಾಗಿದ್ದ ನ್ಯೂಟನ್ ಅದೇ ಡಿಸೆಂಬರಿನಲ್ಲಿ ತೀರಿಕೊಂಡನು.

ಇಷ್ಟನ್ನು ನೋಡಿದರೆ ಕ್ಷಮೆ ಅಗ್ಗವೆನ್ನಲು ನನಗೆ ನಾಲಗೆ ಏಳದು. ಆದರೂ ಸುವಾರ್ತೆಯ ಜಕ್ಕಾಯನ ನೆನಪು ಕಾಡುತ್ತದೆ. ಸುಂಕದವನಾದ ಆತನು, ವಂಚಿಸಿದವರಿಗೆ ನಾಲ್ಕರಷ್ಟು ಹಿಂದಿರುಗಿಸುವೆನೆಂದನು. ನ್ಯೂಟನ್ ಯಾರಿಗೆ ಹಿಂದಿರುಗಿಸಬೇಕಿತ್ತು? ಕಡಲಲ್ಲಿ ಸತ್ತ ಗುಲಾಮರನ್ನು ಅವನು ಹಡಗಿನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಅಲ್ಲಿ ಅವರಿಗೆ ಹೆಸರಿಲ್ಲ, ಸಂಖ್ಯೆಯಿದೆ.