ಪಶು ಆಸ್ಪತ್ರೆಯ ಮಾತು ಒಂದಾಗಲಿ

ಮಾನ್ಯ ಸಂಪಾದಕರೇ,

ನಾಯಿಮರಿಗಳು ರಕ್ತಭೇದಿಯಿಂದ ಸಾಯುತ್ತಿರುವುದಕ್ಕೂ, ಹುಚ್ಚುನಾಯಿ ರೋಗದ ಭೀತಿ ನಮ್ಮ ಊರುಗಳನ್ನು ಇನ್ನೂ ಬಿಡದಿರುವುದಕ್ಕೂ ಪ್ರಾಣಿ ಸಾಕುವವರ ಅಜ್ಞಾನ ಮತ್ತು ಔದಾಸೀನ್ಯಗಳೇ ಕಾರಣವೆಂದು ಪ್ರತಿಪಾದಿಸುವ ಲೇಖನವೊಂದನ್ನು ತಮ್ಮ ಪತ್ರಿಕೆಯಲ್ಲಿ ಓದಿದೆನು. ಅಜ್ಞಾನವಿರುವುದು ದಿಟ. ಆದರೆ ಅದನ್ನು ನೀಗತಕ್ಕ ಸ್ಥಾನವಾದ ಪಶು ಆಸ್ಪತ್ರೆಯಲ್ಲಿ ತಿಳಿವಳಿಕೆ ನೀಡುವ ಕಾರ್ಯವು ಯಾರ ಪಾಲಿಗೂ ನಿಶ್ಚಿತವಾಗಿ ಬಂದಿಲ್ಲವೆಂಬುದನ್ನೂ, ವೈದ್ಯರು, ಪರೀಕ್ಷಕರು, ಸಹಾಯಕರು ತಮ್ಮೊಳಗೆ ವಿಚಾರವಿನಿಮಯ ಮಾಡಿಕೊಳ್ಳದೆ ಒಬ್ಬೊಬ್ಬರು ಒಂದೊಂದು ಹೇಳುವುದರಿಂದ ಜನರ ಮನಸ್ಸು ಇನ್ನಷ್ಟು ಕಲಕುತ್ತಿದೆಯೆಂಬುದನ್ನೂ ಲೇಖಕರು ಗಮನಕ್ಕೆ ತಂದುಕೊಂಡಿಲ್ಲ.

ಮರಿಗಳಲ್ಲಿ ರಕ್ತಭೇದಿಯನ್ನುಂಟುಮಾಡುವ ಪಾರ್ವೊ ರೋಗವನ್ನೇ ತೆಗೆದುಕೊಳ್ಳಬಹುದು. 1978ರ ಸುಮಾರಿಗೆ ಜಗತ್ತಿನ ಹಲವು ದೇಶಗಳಲ್ಲಿ ಕಾಣಿಸಿಕೊಂಡ ಈ ವ್ಯಾಧಿಗೆ ಉತ್ತಮವಾದ ಲಸಿಕೆಯಿದೆ. ಆದರೂ ಮರಿಗಳು ಸಾಯುತ್ತಿವೆ. ತಾಯಿಯ ಮೊದಲ ಹಾಲಿನಿಂದ ಮರಿಗೆ ದೊರೆತ ರಕ್ಷಣೆಯು ಕೆಲವು ವಾರಗಳವರೆಗೆ ಲಸಿಕೆಯ ಪರಿಣಾಮವನ್ನೇ ತಡೆಯುತ್ತದೆಯಾದ್ದರಿಂದಲೂ, ಆ ರಕ್ಷಣೆ ಯಾವ ಮರಿಯಲ್ಲಿ ಎಂದು ಕುಂದುವುದೆಂದು ಹೊರಗಿನಿಂದ ಹೇಳಲಾಗದ್ದರಿಂದಲೂ, ಆರರಿಂದ ಎಂಟನೆಯ ವಾರದಲ್ಲಿ ಆರಂಭಿಸಿ ಮೂರು ನಾಲ್ಕು ವಾರಗಳಿಗೊಮ್ಮೆ, ಮರಿಗೆ ಹದಿನಾರು ವಾರ ತುಂಬುವವರೆಗೆ ಲಸಿಕೆಯನ್ನು ಪುನಃ ಪುನಃ ಹಾಕಿಸಬೇಕಾಗುತ್ತದೆ. ಈ ಕಾರಣವನ್ನು ಎರಡು ನಿಮಿಷ ಕುಳಿತು ವಿವರಿಸಿದರೆ ಯಾವ ಗೃಹಿಣಿಗೂ ಅರ್ಥವಾಗುತ್ತದೆ. ವಿವರಿಸದಿದ್ದರೆ ಎರಡನೆಯ ಸೂಜಿಯು ಹಣ ಕೀಳುವ ಉಪಾಯದಂತೆ ತೋರುತ್ತದೆ. ನಮ್ಮ ನೆರೆಮನೆಯವರ ಮರಿಯ ವಿಷಯದಲ್ಲಿ ಆದದ್ದೂ ಇದೇ: ವೈದ್ಯರು ಮತ್ತೆ ಬರಬೇಕೆಂದು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದರು, ಬಾಗಿಲಲ್ಲಿದ್ದ ಸಹಾಯಕನು, ಕೇಳಿದ್ದಕ್ಕೆ, ಒಂದು ಸೂಜಿಯೇ ಸಾಕೆಂದನು, ಔಷಧದಂಗಡಿಯವನು ಮೂರನೆಯ ಮಾತೊಂದನ್ನು ಆಡಿದನು. ಮನೆಯವರು ತಮಗೆ ಸುಲಭವಾದುದನ್ನು ನಂಬಿದರು, ಮರಿ ಉಳಿಯಲಿಲ್ಲ. ಅಲ್ಲಿ ಯಾರಿಗೂ ಕೆಟ್ಟ ಬುದ್ಧಿಯಿರಲಿಲ್ಲ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ತಿಳಿದಿರಲಿಲ್ಲ.

ಪಾರ್ವೊ ವೈರಾಣು ಸತ್ತ ಮರಿಯೊಡನೆ ಅಳಿಯುವುದಿಲ್ಲವೆಂಬುದು ಇನ್ನೂ ಗಂಭೀರವಾದ ಸಂಗತಿ. ಅಂಗಳದ ಮಣ್ಣಿನಲ್ಲಿ ಅದು ತಿಂಗಳುಗಟ್ಟಲೆ ಜೀವಂತವಾಗಿರಬಲ್ಲುದು, ಸಾಮಾನ್ಯ ಸಾಬೂನಿಗೆ ಬಗ್ಗದು. ಬ್ಲೀಚಿಂಗ್ ಪುಡಿಯ ದ್ರಾವಣದಿಂದ ನೆಲವನ್ನು ತೊಳೆಯಬೇಕೆಂದೂ, ಅವಸರದಿಂದ ಮತ್ತೊಂದು ಮರಿಯನ್ನು ತರಬಾರದೆಂದೂ ದುಃಖದಲ್ಲಿರುವ ಆ ಮನೆಯವರಿಗೆ ಮೃದುವಾಗಿ ಹೇಳತಕ್ಕವರು ಒಬ್ಬರಾದರೂ ಇರಬೇಡವೇ? ಆಸ್ಪತ್ರೆಯ ಜಗುಲಿಯಲ್ಲಿಯೂ ಅಪಾಯ ಇದೇ ಬಗೆಯದು. ವಾಂತಿ ಭೇದಿಯ ಮರಿ ಒಳಗೆ ಬಂದೊಡನೆ ಅದನ್ನು ಪ್ರತ್ಯೇಕವಾಗಿ ಕೂರಿಸುವುದು, ಲಸಿಕೆಗಾಗಿ ಬಂದ ಮರಿಗಳನ್ನು ನೆಲಕ್ಕಿಳಿಸದಂತೆ ಎಚ್ಚರಿಸುವುದು ವೈದ್ಯರ ಕೈಯಲ್ಲಿಲ್ಲ, ಬಾಗಿಲಲ್ಲಿರುವ ಸಹಾಯಕನ ಕೈಯಲ್ಲಿದೆ. ಅವನಿಗೆ ರೋಗದ ಸ್ವರೂಪವನ್ನು ಯಾರೂ ತಿಳಿಸದೆ ನಾಯಿಯನ್ನು ಹಿಡಿದುಕೊಳ್ಳುವ ಕೆಲಸವನ್ನಷ್ಟೇ ವಹಿಸಿದರೆ, ಒಳಗಿನ ಚಿಕಿತ್ಸೆ ಎಷ್ಟೇ ಪ್ರಶಸ್ತವಾಗಿದ್ದರೂ ಹೊರಗೆ ರೋಗ ಹರಡುತ್ತಲೇ ಇರುತ್ತದೆ.

ಹುಚ್ಚುನಾಯಿ ರೋಗದ, ಅಂದರೆ ರೇಬಿಸ್‌ನ, ವಿಚಾರದಲ್ಲಿ ತಪ್ಪು ತಿಳಿವಳಿಕೆಗೆ ತೆರಬೇಕಾದುದು ಮನುಷ್ಯಪ್ರಾಣವನ್ನೇ, ಏಕೆಂದರೆ ಲಕ್ಷಣಗಳು ತೋರಿದ ಮೇಲೆ ಈ ರೋಗದಿಂದ ಉಳಿದವರು ಅತಿ ವಿರಳ. ನಾಯಿ ಕಚ್ಚಿದ ಗಾಯಕ್ಕೆ ಸುಣ್ಣ, ಮೆಣಸಿನ ಪುಡಿ ಮೆತ್ತುವ ರೂಢಿ ಇನ್ನೂ ಅಳಿದಿಲ್ಲ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿಯೆಂಬ ಭಯವೂ, ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೇ ನಿಂತುಹೋಗಿದ್ದರೂ, ಮನಸ್ಸುಗಳಿಂದ ಹೋಗಿಲ್ಲ. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ಗಾಯವನ್ನು ತೊಳೆಯಬೇಕು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು, ಮರಿಗೆ ಮೂರು ತಿಂಗಳಾದೊಡನೆ ಲಸಿಕೆ ಹಾಕಿಸಿ ವೈದ್ಯರು ಸೂಚಿಸಿದಂತೆ ಮುಂದುವರಿಸಬೇಕು: ಇಷ್ಟನ್ನು ಪಶು ಆಸ್ಪತ್ರೆಯ ಪ್ರತಿಯೊಬ್ಬ ನೌಕರನೂ ಒಂದೇ ರೀತಿಯಲ್ಲಿ ಹೇಳಬಲ್ಲವನಾಗಿರಬೇಕು. ನಿತ್ಯವೂ ಕಡಿತದ ಅಪಾಯದಲ್ಲಿ ದುಡಿಯುವ ಆ ಸಹಾಯಕರಿಗೇ ಮುಂಜಾಗ್ರತೆಯ ಲಸಿಕೆ ಹಾಕಿಸದಿರುವುದು ನನ್ನ ದೃಷ್ಟಿಯಲ್ಲಿ ಅಕ್ಷಮ್ಯ. ನಾಯಿಗಳಿಂದ ಹರಡುವ ರೇಬಿಸನ್ನು 2030ರೊಳಗೆ ನಿರ್ಮೂಲಗೊಳಿಸುವ ರಾಷ್ಟ್ರೀಯ ಯೋಜನೆಯನ್ನು 2021ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿತಷ್ಟೆ. ಅದು ಫಲಿಸುವುದು ಇಂತಹ ಆಸ್ಪತ್ರೆಗಳ ಜಗುಲಿಯಲ್ಲಿಯೇ.

ಒಬ್ಬರೇ ವೈದ್ಯರು ಹಲವು ಹಳ್ಳಿಗಳ ದನಕರುಗಳನ್ನೂ ಪೇಟೆಯ ನಾಯಿಬೆಕ್ಕುಗಳನ್ನೂ ನೋಡಬೇಕಾದ ಕಷ್ಟವನ್ನು ನಾನು ಬಲ್ಲೆನು, ಮತ್ತು ಅವರನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಅವರ ಭಾರ ಇಳಿಯಬೇಕೆಂದೇ ಈ ಕಾರ್ಯವನ್ನು ಹಂಚಿಕೊಳ್ಳಬೇಕೆನ್ನುತ್ತೇನೆ. ಬೆಳಗ್ಗೆ ಬಾಗಿಲು ತೆರೆಯುವ ಮುನ್ನ ಎಲ್ಲರೂ ಸ್ವಲ್ಪ ಹೊತ್ತು ಕಲೆತು ಊರಿನಲ್ಲಿ ಯಾವ ರೋಗ ನಡೆದಿದೆ, ಜನರಿಗೆ ಏನು ಹೇಳಬೇಕು ಎಂದು ನಿಶ್ಚಯಿಸಿಕೊಳ್ಳಲಿ, ಮತ್ತು ಆ ಸಭೆಯಲ್ಲಿ ಸಹಾಯಕನಿಗೂ ಮಾತನಾಡುವ ಅವಕಾಶವಿರಲಿ, ಏಕೆಂದರೆ ವೈದ್ಯರಲ್ಲಿ ಕೇಳಲು ಸಂಕೋಚಪಡುವ ಮುದುಕಿಯು ತನ್ನ ಸಂದೇಹವನ್ನು ಹೇಳಿಕೊಳ್ಳುವುದು ಅವನಲ್ಲಿಯೇ. ಮುಂದಿನ ಲಸಿಕೆಯ ದಿನಾಂಕವನ್ನು ಸ್ಫುಟವಾದ ಕನ್ನಡದಲ್ಲಿ ಬರೆದುಕೊಟ್ಟು, ಕೇಳಿದ್ದನ್ನು ಸಾಕುವವರ ಬಾಯಿಂದಲೇ ಒಮ್ಮೆ ಹೇಳಿಸಿ ಕಳುಹಿಸುವ ಹೊಣೆ ಪರೀಕ್ಷಕರದಾಗಲಿ. ಮನುಷ್ಯರ ಜ್ವರದ ಮಾತ್ರೆಯಾದ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷವೆಂಬಂಥ ಎಚ್ಚರಿಕೆಗಳು ದೊಡ್ಡ ಅಕ್ಷರಗಳಲ್ಲಿ ಗೋಡೆಯ ಮೇಲಿರಲಿ.

ಪಶುಪಾಲನಾ ಇಲಾಖೆಯ ಅಧಿಕಾರಿಗಳು ಇವುಗಳನ್ನು ಒಳಗೊಂಡ ಒಂದು ಸ್ಪಷ್ಟವಾದ ಸುತ್ತೋಲೆಯನ್ನು ಹೊರಡಿಸಬೇಕೆಂದೂ, ಖಾಸಗಿ ಚಿಕಿತ್ಸಾಲಯಗಳ ವೈದ್ಯರು ಸುತ್ತೋಲೆಗೆ ಕಾಯದೆ ನಾಳೆಯಿಂದಲೇ ಆರಂಭಿಸಬೇಕೆಂದೂ ತಮ್ಮ ಪತ್ರಿಕೆಯ ಮೂಲಕ ವಿನಂತಿಸಿಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ವಾಚಕ, ಶಿವಮೊಗ್ಗ